ಲಿದಾ ಬೆರೆಗ್ ಯಾರ ಹೆಸರು

ನಲವತ್ತೊಂದನೇ ಪುಟ ತೆರೆದಾಗ ನಾನು ಲಂಡನ್ನಿನ ಟೂಟಿಂಗ್‌ನ ಒಂದು ಶಾಲೆಯ ಸಭಾಂಗಣದ ಬಾಗಿಲಲ್ಲಿ ಕೋಟು ಕೂಡ ಬಿಚ್ಚದೆ ನಿಂತಿದ್ದೆ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮೂರಕ್ಕೆ ಕಾರ್ಯಕ್ರಮ. ಪಾರ್ಕ್ ರಾಯಲ್‌ನ ಪ್ರೆಸ್ಸಿನಿಂದ ಹಿಂದಿನ ದಿನವಷ್ಟೇ ಬಂದಿದ್ದ ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆ ಕೈಯಲ್ಲಿತ್ತು. ಅದರಲ್ಲಿ ಮೂರು ಕಥೆಗಳು. ಮೂಲ: ಲಿದಾ ಬೆರೆಗ್. ಕನ್ನಡಕ್ಕೆ: ಡಾ. ವಿಭಾ, ಅಂದರೆ ನಾನು. ಕಥೆಗಳಿಗೆ ಮುಂಚೆ, ಬಳ್ಳಿಯ ಅಂಚು ಹಾಕಿದ ಚೌಕದೊಳಗೆ, ‘ಲೇಖಕಿಯ ಪರಿಚಯ’.

ಕಾವ್ಯನಾಮ: ಲಿದಾ ಬೆರೆಗ್. ‘ನಿಜನಾಮ’ ಅಂತ ಬರೆದು ಅವಳ ಹೆಸರು ಹಾಕಿದ್ದರು. ಅವಳದು, ಅವಳ ತಂದೆಯದು, ಮನೆತನದ್ದು, ಮೂರೂ. ಸಾಲದೆಂದು ಪಕ್ಕದಲ್ಲೇ ರಷ್ಯನ್ ಲಿಪಿಯಲ್ಲೂ. ಆಮೇಲೆ ಹುಟ್ಟಿದ ಊರು. ವೃತ್ತಿ: ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಆಪರೇಶನ್ ಥಿಯೇಟರ್ ನರ್ಸ್. ಕೊನೆಯ ಸಾಲು: ‘ಇವರ ಏಕೈಕ ಸಹೋದರರು ಸ್ವಂತ ಊರಿನ ಸೈನ್ಯ ಭರ್ತಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಈ ಕಥೆಗಳಿಗೆ ಪ್ರೇರಣೆ ಒದಗಿಸಿರುತ್ತಾರೆ.’

ಪ್ರೇರಣೆ ಒದಗಿಸಿರುತ್ತಾರಂತೆ!

ಆ ಮೂರು ಕಥೆಗಳೂ ಆ ಕಚೇರಿಯವೇ. ಮಗ ಸತ್ತಿದ್ದಾನೆಂದು ಕಡತದಲ್ಲಿ ಬರೆದಿದ್ದರೂ ‘ಇನ್ನೂ ಸುದ್ದಿಯಿಲ್ಲ, ಮುಂದಿನ ವಾರ ಬನ್ನಿ’ ಎಂದು ತಾಯಂದಿರನ್ನು ವಾಪಸು ಕಳಿಸುವ ಒಂದು ಕಿಟಕಿಯ ಕಥೆಗಳು. ಕಿಟಕಿಯ ಆಚೆ ಕೂತಿದ್ದವನು ಲಿದಾಳ ತಮ್ಮ. ಅವನು ಅಕ್ಕನಿಗೆ ಹೇಳಿದ, ಅಕ್ಕ ಬರೆದಳು. ಈ ಪುಟ ಆ ಊರಿನ ಯಾರಾದರೊಬ್ಬ ಅಧಿಕಾರಿಯ ಕಣ್ಣಿಗೆ ಬಿದ್ದರೆ ಅವನು ಮಾಡಬೇಕಾದ ಪತ್ತೇದಾರಿ ಏನೂ ಉಳಿದಿರಲಿಲ್ಲ. ಹೆಸರು, ಊರು, ಕಚೇರಿ, ಎಲ್ಲವನ್ನೂ ನಾವೇ ಬಳ್ಳಿಯ ಅಂಚು ಹಾಕಿ ಬರೆದುಕೊಟ್ಟಿದ್ದೆವು.

ಇದನ್ನು ಕನ್ನಡದವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ನಾವು ಮೂರನೇ ಇಯತ್ತೆಯಿಂದ ‘ಕವಿ ಪರಿಚಯ’ ಬಾಯಿಪಾಠ ಮಾಡಿದ ಜನ. ಕಾವ್ಯನಾಮಕ್ಕೆ ಒಂದು ಅಂಕ, ನಿಜನಾಮಕ್ಕೆ ಒಂದು ಅಂಕ, ತಂದೆ ತಾಯಿ ಹುಟ್ಟೂರಿಗೆ ಇನ್ನೊಂದು. ಕಾವ್ಯನಾಮ ಅಂದರೆ ನಮಗೆ ಮದುವೆಗೆ ಹಾಕಿಕೊಳ್ಳುವ ಒಡವೆ. ಒಡವೆ ಯಾರದೆಂದು ಊರಿಗೆಲ್ಲ ಗೊತ್ತಿದ್ದರೇ ಅದಕ್ಕೆ ಬೆಲೆ. ಹಿಂದೊಮ್ಮೆ ನಾವಿಬ್ಬರೂ ಕೆಲಸ ಮಾಡುವ ಆಸ್ಪತ್ರೆಯ ಟೀ ರೂಮಿನಲ್ಲಿ ನಾನು ಲಿದಾಳಿಗೆ ಹೀಗೆಯೇ ಹೇಳಿದ್ದೆ. ಅವಳು ನಕ್ಕಿದ್ದಳು.

“ನಮ್ಮಲ್ಲಿ ಅದು ಬಾಗಿಲಿನ ಚಿಲಕ” ಅಂದಿದ್ದಳು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲೇ. “ಒಬ್ಬ ವೈದ್ಯನಿದ್ದ. ತನ್ನ ಹೆಸರನ್ನು ವೈದ್ಯಕೀಯಕ್ಕೆ ಉಳಿಸಿಕೊಂಡು ನಗೆಬರಹಕ್ಕೆ ಬೇರೆ ಹೆಸರಿಟ್ಟ. ಇನ್ನೊಬ್ಬನ ಮನೆಯವರಿಗೆ ಮಗ ಕಥೆ ಬರೆಯುತ್ತಾನೆ ಅಂದರೆ ನಾಚಿಕೆ. ಸಂಪಾದಕ ಲಕೋಟೆಯನ್ನಾದರೂ ಒಡೆಯಲಿ ಅಂತ ಹೆಂಗಸರು ಗಂಡಸರ ಹೆಸರು ಹಾಕಿಕೊಂಡರು. ಮನೆತನದ ಹೆಸರು ಕೇಳಿ ‘ಓ ಇವರು ಆ ಜನ’ ಅಂತ ಬಾಗಿಲು ಹಾಕುತ್ತಾರೆಂದು ಕೆಲವರು ಬದಲಿಸಿದರು. ಇನ್ನು ಸೆನ್ಸಾರಿನವನ ಪಟ್ಟಿಗೆ ಸೇರಿದವರು, ಜೈಲಿಂದ ಬಂದವರು, ದೇಶ ಬಿಟ್ಟವರು. ಒಬ್ಬೊಬ್ಬರಿಗೆ ಒಂದೊಂದು ಕಾರಣ. ಶೋಕಿಗೆ ಹೆಸರು ಬದಲಿಸಿದವರು ಬಹಳ ಕಡಿಮೆ.”

“ನಿನಗೆ ಯಾವ ಕಾರಣ?”

“ನನಗೆ ತಮ್ಮ” ಅಂದಳು.

ಅವಳು ರಷ್ಯನ್ನಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಎಲ್ಲೂ ಅಚ್ಚಿಗೆ ಕೊಟ್ಟವಳಲ್ಲ. ಬಿಡುವಿನಲ್ಲಿ ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ನನಗೆ ಓದಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಕನ್ನಡದಲ್ಲಿ ಅಚ್ಚು ಹಾಕಲು ಅವಳು ಒಪ್ಪಿದ್ದೇ ಒಂದು ಧೈರ್ಯದ ಮೇಲೆ. ನಮ್ಮೂರಲ್ಲಿ ನಿನ್ನ ಭಾಷೆ ಯಾರಿಗೂ ಬರುವುದಿಲ್ಲ, ಅದರಲ್ಲಿ ನಾನು ಬಾಯಿ ತೆರೆಯಬಹುದು ಅಂದಿದ್ದಳು. ಲಿದಾ ಬೆರೆಗ್ ಎಂಬ ಹೆಸರು ಭೂಮಿಯ ಮೇಲೆ ಅಚ್ಚಾದದ್ದು ಇದೇ ಮೊದಲು, ಅದೂ ಕನ್ನಡದಲ್ಲಿ. ಇವತ್ತು ಮೂರಕ್ಕೆ ಸ್ವಲ್ಪ ಮುಂಚೆ ಅವಳು ಇಲ್ಲಿಗೆ ಬರುವವಳಿದ್ದಳು. ಫೋಟೋ ತೆಗೆಯಬಾರದು, ನಿಜ ಹೆಸರು ಹೇಳಬಾರದು, ಎರಡೇ ಷರತ್ತು.

ನಾನು ಸಭಾಂಗಣದ ಹಿಂದಿದ್ದ ಅಡುಗೆಕೋಣೆಗೆ ನುಗ್ಗಿದೆ. ಬಳಗದ ಕಾರ್ಯದರ್ಶಿ ಶಿವಪ್ರಕಾಶ್ ಅಲ್ಲಿ ಬಿಸಿಬೇಳೆ ಬಾತಿನ ಪಾತ್ರೆಗಳ ಪಕ್ಕದಲ್ಲಿ ನಿಂತು ಸನ್ಮಾನದ ಶಾಲು ಮಡಿಸುತ್ತಿದ್ದರು. ಮೈಸೂರಿನವರು, ಮೂವತ್ತು ವರ್ಷ ಇಲ್ಲಿ ಬಡಾವಣೆಯ ಡಾಕ್ಟರಾಗಿದ್ದು ನಿವೃತ್ತರಾದವರು. ಸಂಚಿಕೆಯಲ್ಲಿ ಒಂದು ದೀರ್ಘ ತಪ್ಪಿದರೂ ಎರಡು ದಿನ ಊಟ ಸೇರದ ಮನುಷ್ಯ.

“ಏನ್ರಿ ಸರ್ ಇದು?” ಪುಟವನ್ನು ಅವರ ಮುಖಕ್ಕೆ ಹಿಡಿದೆ. “ಯಾರು ಹೇಳಿದ್ರು ನಿಮಗ ಇದನ್ನ ಹಾಕ್ರಿ ಅಂತ?”

“ಯಾಕಮ್ಮಾ, ತಪ್ಪೇನಾದ್ರೂ ಉಳ್ಕೊಂಡಿದ್ಯಾ? ನಾಲ್ಕು ಸಲ ಪ್ರೂಫ್ ನೋಡಿದೀನಲ್ಲ.”

“ಒಂದೂ ತಪ್ಪಿಲ್ರಿ. ಅದ ಈಗ ಆಗಿರೋ ಅನಾಹುತ.”

“ಕಾವ್ಯನಾಮ ಅಂದ್ಮೇಲೆ ನಿಜನಾಮ ಕೊಡ್ಬೇಕಲ್ವೇನಮ್ಮಾ? ಬರೀ ಕಾವ್ಯನಾಮ ಹಾಕಿದ್ರೆ ಅವರಿಗೆ ಅವಮಾನ ಅಲ್ವಾ? ಗೌರವಕ್ಕೆ ಅಂತ ಅವರ ಲಿಪೀಲೂ ಹಾಕ್ಸಿದೀನಿ. ವಿವರ ಎಲ್ಲಾ ನೀವೇ ತಾನೆ ಫೋನಲ್ಲಿ ಹೇಳಿದ್ದು?”

ಹೌದು. ನಾನೇ ಹೇಳಿದ್ದೆ. ಕಥೆ ಓದಿ ಕಣ್ಣು ಒದ್ದೆಯಾಯಿತು, ಯಾರಮ್ಮಾ ಈ ಲೇಖಕಿ ಎಂದು ಅವರು ಕೇಳಿದಾಗ ಹೆಮ್ಮೆಯಿಂದ ನನ್ನ ನಾಲಿಗೆ ಸಡಿಲವಾಗಿತ್ತು. ಅವಳ ಹೆಸರು ಹೇಳಿದೆ, ಊರು ಹೇಳಿದೆ, ತಮ್ಮನ ಕಚೇರಿಯನ್ನೂ ಹೇಳಿದೆ. ‘ಇದನ್ನು ಎಲ್ಲೂ ಹಾಕಬೇಡಿ’ ಅಂದಿದ್ದೆನೇ? ಅಂದಿರಬೇಕು. ಆದರೆ ದೇವರ ಮುಂದೆ ನಿಲ್ಲಿಸಿ ಕೇಳಿದರೂ ಪ್ರಮಾಣ ಮಾಡಲಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳುವುದು ಸುಲಭ.

ತಮ್ಮನಿಗೆ ಏನಾಗಬಹುದೆಂದು ನಾನು ನಾಲ್ಕು ಮಾತಿನಲ್ಲಿ ಹೇಳಿದೆ. ಶಿವಪ್ರಕಾಶ್ ಅವರ ಕೈಯಿಂದ ಶಾಲು ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಲಿಲ್ಲ.

“ಎಲ್ಲಾ ಪ್ರತಿ ಇಲ್ಲೇ ಇದಾವಮ್ಮಾ” ಅಂದರು. “ನೂರೈವತ್ತು. ಬಾಗಿಲಲ್ಲಿ ಹತ್ತೋ ಹನ್ನೆರಡೋ ಕೊಟ್ಟಿರಬಹುದು. ಆ ಪುಟ ಕಿತ್ಬಿಡೋಣ.”

ಅಷ್ಟರಲ್ಲಿ ವೆಬ್‌ಸೈಟು, ಲೈವು ಎಲ್ಲ ನೋಡಿಕೊಳ್ಳುವ ಸಿರಿಶಾ ಮೈಕಿನ ವೈರು ಹುಡುಕುತ್ತ ಒಳಗೆ ಬಂದವಳು ನಮ್ಮ ಮುಖ ನೋಡಿ ನಿಂತಳು. ಬೆಂಗಳೂರಿನವಳು, ಬ್ಯಾಂಕೊಂದರ ಐಟಿಯಲ್ಲಿದ್ದಾಳೆ. ವಿಷಯ ಕೇಳಿ ಅವಳು ಮೊದಲು ಹೇಳಿದ್ದು ಇದು.

“ವಿಭಾ ಅಕ್ಕ, ಪಿಡಿಎಫ್ ಬೆಳಿಗ್ಗೆನೇ ಗ್ರೂಪಲ್ಲಿ ಹಾಕ್ಬಿಟ್ಟೆ. ವೆಬ್‌ಸೈಟಲ್ಲೂ ಇದೆ.”

“ಎಷ್ಟೊತ್ತಿಗೆ ಹಾಕಿದಿ?”

“ಒಂಬತ್ತೂವರೆ.”

ಹಾಕಿ ಸುಮಾರು ಐದು ತಾಸಾಗಿತ್ತು. ಆ ವಾಟ್ಸ್ಯಾಪ್ ಗುಂಪಿನಲ್ಲಿ ಇನ್ನೂರ ಅರವತ್ತು ಜನ. ಸಿರಿಶಾ ಮಾತಾಡುತ್ತಲೇ ಎರಡೂ ಕಡೆ ತೆಗೆದುಹಾಕಿದಳು.

“ಕನ್ನಡ ಅಲ್ವೇನಮ್ಮಾ” ಶಿವಪ್ರಕಾಶ್ ಸಮಾಧಾನ ಹೇಳಿಕೊಳ್ಳುವಂತೆ ಅಂದರು. “ಅಲ್ಲಿ ಯಾರು ಓದ್ತಾರೆ?”

ಸಿರಿಶಾ ಫೋನಿನ ಕ್ಯಾಮೆರಾವನ್ನು ಪುಟದ ಮೇಲೆ ಹಿಡಿದಳು. ಪರದೆಯ ಮೇಲೆ ನಮ್ಮ ಕನ್ನಡದ ಸಾಲುಗಳು ಒಮ್ಮೆ ಕದಲಿ ಇಂಗ್ಲಿಷಾಗಿ ನಿಂತವು. ಭರ್ತಿ ಕಚೇರಿ, ಸಹೋದರ, ಗುಮಾಸ್ತ, ಎಲ್ಲ ಸರಿಯಾಗಿಯೇ ಬಂದಿತ್ತು.

“ವೆಬ್‌ಸೈಟಲ್ಲಿ ಎಷ್ಟು ಮಂದಿ ನೋಡ್ಯಾರ?” ಎಂದೆ.

“ಮೂವತ್ತೆಂಟು. ಎಲ್ಲಾ ಯುಕೆ ಇಂದಾನೇ. ಒಂದು ಮಾತ್ರ ಎಲ್ಲಿಂದ ಅಂತ ಗೊತ್ತಾಗ್ತಿಲ್ಲ.”

“ಗೊತ್ತಾಗಂಗಿಲ್ಲ ಅಂದ್ರ?”

“ಜಾಗ ಮುಚ್ಚಿಡೋ ವಿಪಿಎನ್ ಇರ್ಬೋದು ಅಕ್ಕ. ನಮ್ಮೋರೇ ಯಾರಾದ್ರೂ ಆಫೀಸ್ ಲ್ಯಾಪ್‌ಟಾಪಿಂದ ನೋಡಿರ್ಬೋದು. ಗೊತ್ತಿಲ್ಲ.”

ಆ ಒಂದು ಯಾರೆಂದು ಇವತ್ತಿಗೂ ನಮಗೆ ಗೊತ್ತಿಲ್ಲ.

ನಾವು ಮೂವರೂ ಪುಟ ಕೀಳಲು ಕೂತೆವು. ಸಿರಿಶಾ ಬಾಗಿಲಲ್ಲಿ ಕೊಟ್ಟಿದ್ದ ಪ್ರತಿಗಳನ್ನು ‘ಬೈಂಡಿಂಗ್ ಕೆಟ್ಟಿದೆ’ ಎಂದು ಸುಳ್ಳು ಹೇಳಿ ವಾಪಸು ತಂದಳು. ಸಭಾಂಗಣ ತುಂಬುತ್ತಿರುವ ಸದ್ದು ಕೇಳುತ್ತಿತ್ತು. ಕುರ್ಚಿ ಎಳೆಯುವುದು, ಮಕ್ಕಳ ಕೂಗು, ಯಾರೋ ಮೈಕಿನಲ್ಲಿ ಹಲೋ ಹಲೋ ಅನ್ನುವುದು. ಪ್ರತಿ ಹಾಳೆ ಹರಿದಾಗಲೂ ಬುಡದಲ್ಲಿ ಒಂದು ಬೆರಳಗಲ ಚೂರು ಉಳಿಯುತ್ತಿತ್ತು. ಲಿದಾಳಿಗೆ ಇದನ್ನು ಹೇಳುವುದೇ ಬೇಡ ಅಂದುಕೊಂಡೆ. ನಾನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ತಮ್ಮನಿಗಿಂತ ನನ್ನ ಮರ್ಯಾದೆಯ ಯೋಚನೆಯೇ ಆಗ ಮುಂದಿತ್ತು. ಎಲ್ಲ ಮುಗಿಸಿ ಕೈ ಒರೆಸಿಕೊಂಡು ನಗುತ್ತ ಬಾಗಿಲಿಗೆ ಹೋದರೆ ಆಯಿತು.

ಎಪ್ಪತ್ತೋ ಎಂಬತ್ತೋ ಪ್ರತಿ ಮುಗಿದಿತ್ತು. “ವಿಭಾ, ನೀನು ಇಲ್ಲಿದ್ದೀಯಂತೆ” ಎನ್ನುತ್ತ ಲಿದಾ ಒಳಗೆ ಬಂದಳು.

ಹಸಿರು ಉಡುಪು ಹಾಕಿದ್ದಳು, ಕೂದಲು ಕಟ್ಟಿಸಿಕೊಂಡು ಬಂದಿದ್ದಳು. ಥಿಯೇಟರಿನ ಟೋಪಿ ಬಿಟ್ಟು ಬೇರೆ ರೀತಿಯಲ್ಲಿ ನಾನವಳನ್ನು ನೋಡಿದ್ದು ಎರಡೋ ಮೂರೋ ಸಲ. ಅವಳು ನಮ್ಮ ಮುಖ ನೋಡಿದಳು, ಹಾಳೆಗಳ ರಾಶಿ ನೋಡಿದಳು. ಅಷ್ಟು ಕನ್ನಡದ ನಡುವೆ ರಷ್ಯನ್ ಅಕ್ಷರಗಳ ಒಂದೇ ಸಾಲು. ಅದರ ಮೇಲೆ ಅವಳ ಕಣ್ಣು ನಿಂತಿತು.

“ಇಲ್ಲಿ ಬೇರೆ ಏನು ಬರೆದಿದೆ?” ಎಂದು ಕೇಳಿದಳು.

ನಾನು ಓದಿ ಹೇಳಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ. ಬೆಳಿಗ್ಗೆಯಿಂದ ವೆಬ್‌ಸೈಟಿನಲ್ಲಿ ಇತ್ತು ಎಂಬುದನ್ನೂ ಹೇಳಿದೆ.

“ಇವರಿಗೆ ಹೇಳಿದ್ದು ಯಾರು?”

“ನಾನು.”

ಲಿದಾ ಸಂಚಿಕೆ ತುಂಬಿದ್ದ ಪೆಟ್ಟಿಗೆಯ ಮೇಲೆ ಕೂತಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಶಿವಪ್ರಕಾಶ್ ಅವಳ ಮುಂದೆ ಕೈಮುಗಿದು ನಿಂತರು.

“ಅವನಿಗೆ ಫೋನ್ ಮಾಡು” ಅಂದೆ. “ಈಗಲೇ ಎಚ್ಚರಿಸು.”

“ಎಚ್ಚರಿಸಿದರೆ ಓಡುತ್ತಾನೆ. ಓಡಿದರೆ ಅನುಮಾನ ಬರುತ್ತದೆ. ನಾಳೆ ಬೆಳಿಗ್ಗೆ ಎಂದಿನಂತೆ ಕಚೇರಿಗೆ ಹೋಗಿ ಕೂತರೇ ಅವನು ಉಳಿಯುವುದು.” ಅವಳು ಹರಿದ ಒಂದು ಸಂಚಿಕೆಯನ್ನು ಎತ್ತಿಕೊಂಡು, ಬುಡದಲ್ಲಿ ಉಳಿದಿದ್ದ ಕಾಗದದ ಚೂರನ್ನು ಬೆರಳಿಂದ ಸವರಿದಳು. “ಇದನ್ನು ಯಾಕೆ ಕೀಳುತ್ತಿದ್ದೀರಿ? ಕಿತ್ತ ಜಾಗ ನೋಡಿದವರೆಲ್ಲ ಇಲ್ಲಿ ಏನಿತ್ತು ಅಂತ ಕೇಳುತ್ತಾರೆ. ಬೆಳಿಗ್ಗೆ ಓದಿದವರು ಹೇಳುತ್ತಾರೆ. ಸಂಜೆಯೊಳಗೆ ಎಲ್ಲರಿಗೂ ಅದೇ ಮಾತು.”

ಅದು ನಿಜ. ನಮ್ಮ ಜನ ನನಗೆ ಗೊತ್ತಿಲ್ಲವೇ?

“ಮತ್ತೇನು ಮಾಡಬೇಕು?”

“ನಮ್ಮಲ್ಲಿ ಹಳಬರು ಹೇಳುತ್ತಿದ್ದರು. ಹೆಸರು ಹೊರಬಿದ್ದರೆ ಅದನ್ನು ಅಳಿಸಬಾರದು, ಅದರ ಜಾಗದಲ್ಲಿ ಇನ್ನೊಂದು ಹೆಸರನ್ನು ಕೂರಿಸಬೇಕು. ಜನ ನಂಬುವಂಥ ಹೆಸರು.” ಅವಳು ನನ್ನನ್ನೇ ನೋಡುತ್ತಿದ್ದಳು. “ಈ ಕಥೆಗಳು ಬೇರೆಲ್ಲೂ ಅಚ್ಚಾಗಿಲ್ಲ. ಕನ್ನಡದಲ್ಲಿ ಮಾತ್ರ ಇವೆ. ಬರೆದವಳು ನೀನೇ. ಲಿದಾ ಬೆರೆಗ್ ನೀನೇ.”

“ಹುಚ್ಚು ಹಿಡಿದಿದೆಯಾ ನಿನಗೆ? ಅದು ಕಳ್ಳತನ.”

“ಕೇಳು. ನೀನು ತಮಾಷೆಗೆ ಒಬ್ಬ ರಷ್ಯನ್ ಲೇಖಕಿಯನ್ನು ಹುಟ್ಟಿಸಿದೆ. ಅವಳ ಪರಿಚಯಕ್ಕೆ ಅಂತ ಆಸ್ಪತ್ರೆಯ ಒಬ್ಬ ನರ್ಸಿನ ಹೆಸರು ಎರವಲು ತಗೊಂಡೆ. ಊರು, ತಮ್ಮ, ಕಚೇರಿ, ಎಲ್ಲ ನಿನ್ನ ಕಟ್ಟುಕಥೆ. ಆ ನರ್ಸು ಜನ್ಮದಲ್ಲಿ ಒಂದು ಸಾಲು ಬರೆದವಳಲ್ಲ. ಇವತ್ತು ವೇದಿಕೆಯ ಮೇಲೆ ನೀನು ಗುಟ್ಟು ಬಿಟ್ಟುಕೊಡುತ್ತೀಯ, ಎಲ್ಲರೂ ನಗುತ್ತಾರೆ. ಯಾರಾದರೂ ಹುಡುಕಿದರೆ ಅವರಿಗೆ ಸಿಗುವುದು ಇದೇ ನಗು.”

“ಲಿದಾ, ಇವು ನಿನ್ನವು. ಎಂಟು ವರ್ಷ ಬರೆದದ್ದು.”

“ಎಂಟು ವರ್ಷ” ಅಂದಳು. “ಅವನಿಗೆ ಮೂವತ್ತೊಂದು ವರ್ಷ.”

ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ. ಶಿವಪ್ರಕಾಶ್ ನೆಲದ ಮೇಲಿನ ಶಾಲನ್ನು ಎತ್ತಿ ಕೊಡವಿದರು. “ನಾನು ಹೇಳ್ತೀನಮ್ಮಾ ವೇದಿಕೆ ಮೇಲೆ” ಅಂದರು. “ತಪ್ಪು ನಂದು ಅಂತಾನೇ ಹೇಳ್ತೀನಿ. ಆ ಮಾತಾದ್ರೂ ನಿಜವಾಗಿರುತ್ತೆ.”

ಅವರು ಹೇಳಿದರು. ಹರಿದ ಪ್ರತಿಗಳನ್ನು ಅಡುಗೆಕೋಣೆಯಲ್ಲೇ ಬಚ್ಚಿಟ್ಟು ಉಳಿದವನ್ನು ಹಂಚಿದ್ದೆವು. ಲೈವಿನ ಕೆಂಪು ದೀಪ ಹತ್ತಿತ್ತು. ಸಂಚಿಕೆಯ ಸಂಪಾದನೆಯಲ್ಲಿ ಎಂದೂ ತಪ್ಪು ಮಾಡದವನು ಈ ಸಲ ಮೋಸ ಹೋದೆ, ನಮ್ಮ ಡಾಕ್ಟರಮ್ಮ ಕಟ್ಟಿದ ಕಥೆಯನ್ನು ನಿಜವೆಂದು ನಂಬಿ ಪರಿಚಯ ಅಚ್ಚು ಹಾಕಿಸಿಬಿಟ್ಟೆ ಎಂದು ನಗುತ್ತ ಹೇಳಿದರು. ಅವರ ನಗು ನೋಡಲು ನನ್ನಿಂದ ಆಗಲಿಲ್ಲ. ಆಮೇಲೆ ದನಿ ಏರಿಸಿ, “ಕಾವ್ಯನಾಮ ಲಿದಾ ಬೆರೆಗ್! ನಿಜನಾಮ ಡಾಕ್ಟರ್ ವಿಭಾ! ಜನನ ಧಾರವಾಡ!” ಅಂದರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ನಮ್ಮ ವಿಭಾನೇ ಅಂತೆ, ನಮ್ಮವಳೇ ಅಂತೆ ಎಂಬ ಮಾತು ಸಾಲಿನಿಂದ ಸಾಲಿಗೆ ಹಾರಿತು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕೊನೆಯ ಸಾಲಿನಲ್ಲಿ ಲಿದಾ ಎಲ್ಲರ ಜೊತೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಮುಗಿಯಿತು ಅಂದುಕೊಂಡೆ. ಮುಂದಿನ ಸಾಲಿನಿಂದ ಪಾರ್ವತೆವ್ವ ಎದ್ದರು. ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದವರು, ಬೆಳಿಗ್ಗೆಯೇ ಫೋನಿನಲ್ಲಿ ಮೂರೂ ಕಥೆ ಓದಿ ಮುಗಿಸಿದ್ದರಂತೆ.

“ಒಂದು ಮಾತು ಕೇಳತೇನವಾ ತಂಗಿ” ಅಂದರು. “ಆ ಎರಡನೇ ಕಥಿಯೊಳಗ ಆ ತಾಯಿ ಕಿಟಕಿಗೆ ಹೋಗೂಮುಂದ ದಿನಾ ಮಗನ ಬೂಟು ಚೀಲದಾಗ ಹಾಕ್ಕೊಂಡು ಹೋಗತಾಳಲ್ಲ. ನಾ ಓದಿ ಭಾಳ ಅತ್ತೆ. ಕುಂತು ಕಟ್ಟಿದ್ದು ಅನಸೂದಿಲ್ಲವಾ ಅದು. ಕಂಡವರ ಬರೀಬೇಕು. ನಿನಗ ಆಕಿ ಎಲ್ಲಿ ಸಿಕ್ಕಳು?”

ಕ್ಯಾಮೆರಾ ನನ್ನ ಕಡೆಗೇ ಇತ್ತು. ಇಬ್ಬರು ಮೂವರು ತಿರುಗಿ ಕೊನೆಯ ಸಾಲಿನ ಬಿಳಿ ಹೆಂಗಸನ್ನು ನೋಡಿದ್ದು ನನಗೆ ವೇದಿಕೆಯಿಂದ ಕಂಡಿತು. ಲಿದಾಳಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಆದರೆ ಏನೋ ಕೆಟ್ಟಿದೆ ಎಂದು ತಿಳಿದು ಮಡಿಲಲ್ಲಿ ಕೈ ಕಟ್ಟಿ ನೆಲ ನೋಡುತ್ತಿದ್ದಳು.

“ಆಸ್ಪತ್ರಿಯೊಳಗ ಸಿಕ್ಕಳ್ರಿ” ಅಂದೆ. “ನಮ್ಮ ವಾರ್ಡಿನ ಹೊರಗ ಇಂಥಾ ತಾಯಂದಿರು ದಿನಾ ಕುಂತಿರತಾರ. ಮಗಂದು ಸ್ವೆಟರ್ ಹಿಡಕೊಂಡು ಕುಂತಾಕಿನ್ನ ನೋಡೇನಿ. ನಾ ಊರು ಒಂದ ಬದಲಿ ಮಾಡಿದೆ.”

“ಹಂಗಾರ ನೀ ದೊಡ್ಡಾಕಿ ಬಿಡವಾ” ಎಂದು ಪಾರ್ವತೆವ್ವ ಕೂತರು. ಮತ್ತೆ ಚಪ್ಪಾಳೆ. ಸ್ವೆಟರು ಹಿಡಿದ ಹೆಂಗಸು ಯಾರೂ ಇರಲಿಲ್ಲ. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಏನೂ ಆಗಲಿಲ್ಲ. ಆ ವಾರವೂ ಆಗಲಿಲ್ಲ. ಆ ದಿನಗಳಲ್ಲಿ ಥಿಯೇಟರಿನ ಹೊರಗೆ ಲಿದಾಳ ಫೋನು ಸದ್ದು ಮಾಡಿದಾಗಲೆಲ್ಲ ನಾನು ಅವಳ ಮುಖ ನೋಡುತ್ತಿದ್ದೆ. ಮುಂದಿನ ಚಳಿಗಾಲದಲ್ಲಿ ಅವಳ ತಮ್ಮ ಗಡಿ ದಾಟಿದ. ಅವರ ಅಪ್ಪ ಇನ್ನೂ ಅಲ್ಲೇ ಇದ್ದಾರೆ. ಹಾಗಾಗಿ ಹೆಸರನ್ನು ಹಿಂದಿರುಗಿಸುವ ದಿನ ಬಂದಿಲ್ಲ. ಇಲ್ಲಿ ನಾನು ಬರೆದ ಹೆಸರುಗಳಲ್ಲಿ ಒಂದೂ ನಿಜವಲ್ಲ, ನನ್ನದೂ ಸೇರಿ.

ಆದರೆ ನನಗೆ ನಿದ್ದೆ ಕೆಡಿಸುವುದು ಅದಲ್ಲ. ಆ ದಿನ ಕಾರ್ಯಕ್ರಮ ಮುಗಿದ ಮೇಲೆ ಜನ ಸಂಚಿಕೆ ಹಿಡಿದು ನನ್ನ ಸಹಿಗೆ ಸಾಲು ನಿಂತರು. ಡಾಕ್ಟರ್ ವಿಭಾ ಬೇಡ, ಕಾವ್ಯನಾಮದಲ್ಲೇ ಹಾಕಿ, ಕನ್ನಡದಲ್ಲೇ ಹಾಕಿ ಎಂದು ಎಲ್ಲರದೂ ಒಂದೇ ಹಟ. ಐವತ್ತಕ್ಕೂ ಹೆಚ್ಚು ಸಲ ಬರೆದೆ. ಬರೆಯುತ್ತ ಬರೆಯುತ್ತ ಕೈಗೆ ರೂಢಿಯಾಗಿ ಕೊನೆಯ ಅಕ್ಷರಕ್ಕೆ ಒಂದು ಬಾಲ ಕೂಡ ಎಳೆಯತೊಡಗಿದ್ದೆ. ಸಾಲಿನ ಕೊನೆಯಲ್ಲಿ ಲಿದಾ ನಿಂತಿದ್ದಳು.

“ನನ್ನದಕ್ಕೂ ಹಾಕು” ಎಂದು ಮೊದಲನೇ ಕಥೆಯ ಪುಟ ತೆರೆದು ಮುಂದಿಟ್ಟಳು.

“ಬೇಡ” ಅಂದೆ ಮೆಲ್ಲಗೆ.

“ಎಲ್ಲರಿಗೂ ಹಾಕಿದ್ದೀಯ. ನನಗೊಬ್ಬಳಿಗೆ ಹಾಕದಿದ್ದರೆ ನೋಡುವವರು ಏನಂದುಕೊಳ್ಳುತ್ತಾರೆ?”

ಹಾಕಿದೆ. ಅವಳು ಸಂಚಿಕೆಯನ್ನು ತನ್ನ ಕಡೆ ತಿರುಗಿಸಿಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದಳು.

“ನೀನು ‘ಬೆ’ ಅಕ್ಷರವನ್ನು ಬೇರೆ ಥರ ಬರೆಯುತ್ತೀಯ” ಅಂದಳು. “ನಿನ್ನೆಯೆಲ್ಲ ಕೂತು ನಾನು ಈ ಹೆಸರನ್ನು ಕನ್ನಡದಲ್ಲಿ ಬರೆಯುವುದನ್ನು ಕಲಿತಿದ್ದೆ.”